ಪೊಲೀಸಮ್ಮನ ಮೊಮ್ಮಗಳ ದವಡೆಹಲ್ಲು

ಪಿಂಗಾಣಿ ಕಾರ್ಖಾನೆಯಲ್ಲಿ ಹಾಜರಿ ಹಾಕುವವನೊಬ್ಬನನ್ನು ಬಿಟ್ಟರೆ ಅವರ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ಅವರು ಪೊಲೀಸಮ್ಮ. ಮೊದಮೊದಲು ಬೆನ್ನ ಹಿಂದೆ ಹಾಗೆ ಕರೆಯುತ್ತಿದ್ದರು, ಆಮೇಲೆ ಎದುರಿಗೇ ಕರೆಯತೊಡಗಿದರು. ಕೊನೆಗೆ ಗೇಟಿನ ಕಾವಲುಗಾರನಿಗೆ ಅವರೇ "ಪೊಲೀಸಮ್ಮ ಬಂದ್ಲು ಅಂತ ಒಳಗೆ ಹೇಳಪ್ಪಾ" ಅನ್ನುವಷ್ಟು ಆ ಹೆಸರು ಮೈಗಂಟಿಕೊಂಡಿತು.

ಅವರ ಕೆಲಸ ದೊಡ್ಡ ಕಿಟಕಿಯ ಪಕ್ಕದ ಮೇಜಿನ ಮುಂದೆ. ಭಟ್ಟಿಯಲ್ಲಿ ಬೆಂದು ತಣಿದ ಬಟ್ಟಲುಗಳು ಮರದ ಹಲಗೆಗಳ ಮೇಲೆ ಸಾಲುಗಟ್ಟಿ ಬರುತ್ತಿದ್ದವು. ಒಂದೊಂದನ್ನೂ ಎಡಗೈಯಲ್ಲಿ ಎತ್ತಿ, ಬೆಳಕಿಗೆ ತಿರುಗಿಸಿ, ಅಂಚಿನ ಸುತ್ತ ಹೆಬ್ಬೆರಳಾಡಿಸಿ, ಸಣ್ಣ ಮರದ ಕಡ್ಡಿಯಿಂದ ಒಮ್ಮೆ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದರು. ಒಳ್ಳೆಯ ಬಟ್ಟಲು ಗಂಟೆಯಂತೆ ದನಿ ಕೊಡುತ್ತದೆ, ಬಿರುಕು ಬಿಟ್ಟದ್ದು ಕೆಮ್ಮಿದ ಹಾಗೆ. ಒಳ್ಳೆಯದು ಬಲಕ್ಕೆ, ಕೆಟ್ಟದ್ದು ಎಡಕ್ಕೆ. ಇದನ್ನು ಯಾರು ಬೇಕಾದರೂ ಕಲಿತಾರು. ಪೊಲೀಸಮ್ಮನ ಹೆಚ್ಚುಗಾರಿಕೆ ಇದ್ದದ್ದು ಅದರ ಮುಂದಿನ ಮಾತಿನಲ್ಲಿ.

ಆ ಕಾರ್ಖಾನೆಯಲ್ಲಿ ಹಿಂದಿನಿಂದ ಬಂದ ಪದ್ಧತಿಯೊಂದಿತ್ತು. ಯಾವುದಾದರೂ ಹಲಗೆಯಲ್ಲಿ ಕೆಟ್ಟ ಬಟ್ಟಲುಗಳು ಜಾಸ್ತಿ ಕಂಡರೆ, ಅವು ಯಾರ ಕೈಯಲ್ಲಿ ಕೆಟ್ಟವು ಎಂದು ಗೊತ್ತಾಗುವವರೆಗೆ ಆ ಹಲಗೆ ಮೇಜು ಬಿಟ್ಟು ಕದಲುವಂತಿರಲಿಲ್ಲ. ಅದು ಕದಲದಿದ್ದರೆ ಹಿಂದಿನ ಹಲಗೆಗಳೂ ನಿಲ್ಲುತ್ತಿದ್ದವು, ಅವು ದಾಟುವ ತನಕ ಯಾರಿಗೂ ಊಟದ ಬಿಡುವಿಲ್ಲ. ಪೊಲೀಸಮ್ಮ ಎದ್ದು ನಿಂತು ಬಟ್ಟಲನ್ನು ಎತ್ತಿ ಹಿಡಿಯುತ್ತಿದ್ದರು.

"ಇದು ನೋಡು, ಸೂಜಿ ಚುಚ್ಚಿದ ಹಾಗೆ ತೂತು. ಧೂಳು ಒರೆಸದೆ ಹೊಳಪಿನ ಗ್ಲೇಜಿನಲ್ಲಿ ಅದ್ದಿದ್ದಾರೆ. ಇಲ್ಲಿ ನೋಡು, ಹೊಳಪೇ ಹತ್ತಿಲ್ಲ, ಬೋಳು. ಎಣ್ಣೆ ಕೈಯಲ್ಲಿ ಮುಟ್ಟಿದ್ದಾರೆ. ಯಾರಮ್ಮಾ ಇವತ್ತು ತಲೆಗೆ ಎಣ್ಣೆ ಹಚ್ಕೊಂಡು ಬಂದಿರೋದು?"

ಯಾರೋ ಒಬ್ಬರು ತಲೆ ತಗ್ಗಿಸಿ "ನಂದೇ ಅಮ್ಮಾ" ಅನ್ನುತ್ತಿದ್ದರು. ಮೇಸ್ತ್ರಿ ಅವರ ಹೆಸರಿನ ಮುಂದೆ ಗುರುತು ಹಾಕಿಕೊಳ್ಳುತ್ತಿದ್ದ. ಹಲಗೆ ಮುಂದಕ್ಕೆ ಹೋಗುತ್ತಿತ್ತು.

ಭಟ್ಟಿ ನೋಡಿಕೊಳ್ಳುವ ಭಟ್ಟಿಯಣ್ಣ ಬೆವರು ಒರೆಸುತ್ತಾ ಬಾಗಿಲಲ್ಲಿ ಇಣುಕಿ, "ಏನು ಪೊಲೀಸಮ್ಮ, ಇವತ್ತು ಯಾರಿಗೆ ಬೇಡಿ?" ಅಂತ ಕೇಳದ ದಿನ ಇರಲಿಲ್ಲ.

"ನಿಮಗೇ ಹಾಕ್ತಿದ್ದೆ. ಅಷ್ಟು ದಪ್ಪ ಕೈಗೆ ಬೇಡಿ ಸಿಗಲಿಲ್ಲ" ಅನ್ನುತ್ತಿದ್ದರು ಇವರು, ಕಣ್ಣು ಎತ್ತದೆಯೇ.

ಅಹಂಕಾರದ ಹೆಂಗಸಲ್ಲ. ಗಂಡ ತೀರಿಕೊಂಡಾಗ ಮಗ ಇನ್ನೂ ಶಾಲೆಗೆ ಹೋಗುತ್ತಿದ್ದ. ಆ ಮೇಜಿನ ಮುಂದೆ ನಿಂತೇ ಅವನನ್ನು ಸಾಕಿದ್ದರು. ಬೆಳಿಗ್ಗೆ ಎದ್ದು ದೇವರಿಗೆ ಕೈ ಮುಗಿದು, ಸಂಜೆ ಬಂದು ಮತ್ತೆ ಕೈ ಮುಗಿದು, ನಡುವೆ ದೇವರು ಮೆಚ್ಚುವ ಹಾಗೆ ಕೆಲಸ ಮಾಡಬೇಕು ಅನ್ನುವುದಷ್ಟೇ ಅವರ ನೇಮ. ತಪ್ಪೆಂದರೆ ಅದಕ್ಕೊಂದು ಕೈ ಇದ್ದೇ ಇರಬೇಕು, ಆ ಕೈ ಯಾವುದೆಂದು ಹೇಳಿಬಿಟ್ಟರೆ ನಾಳೆ ಆ ತಪ್ಪು ಆಗುವುದಿಲ್ಲ ಎಂದು ಅವರು ಮನಸಾರೆ ನಂಬಿದ್ದರು. ನಂಬಿಕೆ ಒಳ್ಳೆಯದೇ. ಅದನ್ನು ಅವರು ಕಾರ್ಖಾನೆಯ ಗೇಟಿನಲ್ಲೇ ಬಿಟ್ಟು ಬರಲಿಲ್ಲ, ಅಷ್ಟೆ.

ಮನೆಯೆಂದರೆ ಎರಡು ಕೋಣೆ, ಒಂದು ಅಡಿಗೆಮನೆ. ಮಗ ಅಂಗಡಿಗಳಿಗೆ ಸಾಮಾನು ತಲುಪಿಸುವ ವ್ಯಾನು ಓಡಿಸುತ್ತಿದ್ದ. ಸೊಸೆ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಮಾತು ಕಡಿಮೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅರ್ಧ ದಿನ ಕಳೆಯುವವಳು ಮಾತಾಡುವುದಾದರೂ ಹೇಗೆ ಎಂದು ಮಗ ತಮಾಷೆ ಮಾಡುತ್ತಿದ್ದ. ಮೊಮ್ಮಗಳಿಗೆ ಆರು ತುಂಬಿ ಏಳು ನಡೆಯುತ್ತಿದ್ದರೂ ಮನೆಯಲ್ಲಿ ಅವಳಿನ್ನೂ ಪಾಪುವೇ. ಎಲ್ಲರ ಮಾತನ್ನೂ ಅವಳೊಬ್ಬಳೇ ಆಡುತ್ತಿದ್ದಳು.

ಆ ಪಾಪುವಿಗೆ ಬಾಯಿಯ ಹಿಂಬದಿಯಲ್ಲಿ ಹೊಸ ದವಡೆಹಲ್ಲು ಬಂತು. ತಣ್ಣೀರು ಕುಡಿದರೆ ಕೆನ್ನೆ ಹಿಡಿದುಕೊಳ್ಳತೊಡಗಿದಳು. ಬ್ರಷ್ಷು ಆ ಮೂಲೆಗೆ ಹೋದರೆ ಕಿರುಚುತ್ತಿದ್ದಳು. ಪೊಲೀಸಮ್ಮ ಮಗುವನ್ನು ಕಿಟಕಿಯ ಹತ್ತಿರ ಕೂರಿಸಿ, ಗದ್ದ ಎತ್ತಿ, "ಆ ಮಾಡು" ಅಂದರು. ನೋಡಿದವರು ಮುಖವನ್ನು ಇನ್ನಷ್ಟು ಬೆಳಕಿಗೆ ತಿರುಗಿಸಿದರು. ಉಳಿದ ಹಲ್ಲುಗಳೆಲ್ಲ ಬೆಳ್ಳಗೆ ಹೊಳೆಯುತ್ತಿದ್ದವು. ಇದೊಂದು ಮಾತ್ರ ಹೊಳಪಿಲ್ಲದೆ, ಅಲ್ಲಲ್ಲಿ ಹಳದಿ, ಒಂದು ಮೂಲೆಯಲ್ಲಿ ಕಂದು, ಮೇಲ್ಮೈ ಸೀಮೆಸುಣ್ಣದ ಹಾಗೆ. ಈಗ ತಾನೇ ಬಂದ ಹಲ್ಲು, ಎಷ್ಟೋ ವರ್ಷ ಸವೆದ ಹಾಗಿತ್ತು.

"ಚಾಕಲೇಟು ತಿಂದು ತಿಂದು ಹಲ್ಲು ಕೆಡಿಸ್ಕೊಂಡಿದ್ದಾಳೆ. ಉಜ್ಜೋವಾಗ ಪಕ್ಕದಲ್ಲಿ ನಿಂತು ನೋಡಬಾರ್ದಾ ನೀನು?" ಅಂದರು ಸೊಸೆಗೆ.

"ನೋಡ್ತೀನಿ ಅತ್ತೆ. ನೋವು ಅಂತಾಳೆ."

"ಉಜ್ಜದೇ ಇದ್ರೆ ನೋವಾಗ್ದೆ ಇನ್ನೇನು? ಹೋಗ್ಲಿ ಬಿಡು, ಹಾಲುಹಲ್ಲು ತಾನೇ, ಬಿದ್ದುಹೋಗುತ್ತೆ."

ಒಂದು ಬೆಳಿಗ್ಗೆ ಮೆತ್ತನೆಯ ಬ್ರೆಡ್ಡು ಕಚ್ಚಿದಾಗ ಆ ಹಲ್ಲಿನ ಒಂದು ಚೂರು ಕಳಚಿ ತಟ್ಟೆಗೆ ಬಿತ್ತು. ಕಲ್ಲು ಕಚ್ಚಿದ್ದಲ್ಲ, ಬಿದ್ದು ಏಟು ಮಾಡಿಕೊಂಡದ್ದೂ ಅಲ್ಲ. ಮಗು ಹೆದರಿ ಅಳುವುದನ್ನೂ ಮರೆತುಬಿಟ್ಟಿತು. ಅವತ್ತೇ ಅತ್ತೆ ಸೊಸೆ ಇಬ್ಬರೂ ಅವಳನ್ನು ಕರೆದುಕೊಂಡು ಹಲ್ಲಿನ ಆಸ್ಪತ್ರೆಗೆ ಹೋದರು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಕನ್ನಡಕ ಹಾಕಿದವರು. ಮಗುವಿನ ಕೈಗೆ ಪುಟ್ಟ ಕನ್ನಡಿ ಕೊಟ್ಟು, ತಮ್ಮ ಹಲ್ಲುಗಳನ್ನು ಎಣಿಸಲು ಹೇಳಿ, ಆಮೇಲೆ ಅವಳ ಬಾಯಿ ನೋಡಿದರು. ನಿಧಾನವಾಗಿ ನೋಡಿದರು.

"ಇದು ಹಾಲುಹಲ್ಲಲ್ಲಮ್ಮಾ. ಇದು ಕೊನೇ ತನಕ ಇರಬೇಕಾದ ಹಲ್ಲು. ಮತ್ತೆ ಇದು ಉಜ್ಜದೆ ಕೆಟ್ಟಿದ್ದೂ ಅಲ್ಲ. ಬರುವಾಗಲೇ ಹೀಗೆ ಬಂದಿದೆ."

"ಬರುವಾಗಲೇ ಅಂದ್ರೆ?"

"ಹಲ್ಲಿನ ಮೇಲೆ ಗಟ್ಟಿ ಪದರ ಒಂದಿರುತ್ತಲ್ಲ, ಎನಾಮಲ್ ಅಂತೀವಿ. ಈ ಹಲ್ಲಿಗೆ ಆ ಪದರ ಕೂರೋದು ಮಗು ಹುಟ್ಟಿದಾಗಿನಿಂದ ಮೂರು ವರ್ಷದ ಒಳಗೆ. ಒಸಡಿನ ಒಳಗೇ ಆಗುತ್ತೆ, ಯಾರಿಗೂ ಕಾಣಲ್ಲ. ಆಗ ಏನೋ ತೊಂದರೆ ಆದ್ರೆ ಪದರ ಗಟ್ಟಿಯಾಗಲ್ಲ. ನಮಗೆ ಗೊತ್ತಾಗೋದು ಈಗ, ಹಲ್ಲು ಹೊರಗೆ ಬಂದ ಮೇಲೆ."

ಪೊಲೀಸಮ್ಮ ಕುರ್ಚಿಯ ಅಂಚಿಗೆ ಸರಿದು ಕೂತರು. ಇದು ಅವರಿಗೆ ತಿಳಿಯುವ ಭಾಷೆ. "ಏನು ತೊಂದರೆ ಆಗಿರಬಹುದು ಡಾಕ್ಟ್ರೇ?"

"ಅದೇ ಕಷ್ಟ. ಹೆರಿಗೆ ಸಮಯದಲ್ಲಿ ಏನಾದ್ರೂ ಆಗಿರಬಹುದು. ಚಿಕ್ಕಂದಿನಲ್ಲಿ ಜೋರು ಜ್ವರ, ಎದೆ ಕಟ್ಟೋದು, ಕಿವಿ ಸೋರೋದು ಆಗಿರಬಹುದು. ಕೆಲವು ಔಷಧಿಗಳ ಮೇಲೂ ಅನುಮಾನ ಇದೆ, ಆ್ಯಂಟಿಬಯೋಟಿಕ್ ಅಂತಾರಲ್ಲ, ಅವು. ಹುಟ್ಟಿನಿಂದಲೇ ಬರೋ ಗುಣವೂ ಇರಬಹುದು. ಎರಡು ಮೂರು ಸೇರಿಕೊಂಡೂ ಆಗಿರಬಹುದು. ಇಂಥದೇ ಅಂತ ಯಾರೂ ಖಚಿತವಾಗಿ ಹೇಳೋಕಾಗಲ್ಲ."

ಕೊನೆಯ ಮಾತು ಪೊಲೀಸಮ್ಮನ ಕಿವಿಗೆ ಬೀಳಲೇ ಇಲ್ಲ. ಅವರು ಔಷಧಿಯ ಹತ್ತಿರವೇ ನಿಂತುಬಿಟ್ಟಿದ್ದರು. ಪಾಪುವಿಗೆ ಒಂದು ವರ್ಷ ತುಂಬುವ ಹೊತ್ತಿಗೆ ಎದೆ ಕಟ್ಟಿ, ಸೊಸೆ ಅವಳನ್ನು ಆಸ್ಪತ್ರೆಗೆ ಒಯ್ದು, ಗುಲಾಬಿ ಬಣ್ಣದ ಔಷಧಿಯ ಬಾಟಲಿ ತಂದದ್ದು, ಹೊತ್ತು ಹೊತ್ತಿಗೆ ಚಮಚದಲ್ಲಿ ಕುಡಿಸಿದ್ದು, ಆಮೇಲೆ ಕಿವಿ ಸೋರಿದಾಗ ಮತ್ತೆ ಅದೇ ಔಷಧಿ ತಂದದ್ದು, ಎಲ್ಲ ಕಣ್ಣ ಮುಂದೆ ಬಂತು.

"ಕೊಟ್ಟಿದ್ದಾಳೆ ಡಾಕ್ಟ್ರೇ" ಅಂದರು ತಟ್ಟನೆ. "ಎದೆ ಕಟ್ಟಿದಾಗ, ಕಿವಿ ಸೋರಿದಾಗ ಬಾಟಲಿಗಟ್ಟಲೆ ಕೊಟ್ಟಿದ್ದಾಳೆ. ನಾನು ಬೇಡ ಬೇಡ ಅಂತಲೇ ಇದ್ದೆ."

ಸೊಸೆ ಮಗುವಿನ ಚಪ್ಪಲಿ ಸರಿಮಾಡಲು ಬಗ್ಗಿದವಳು ಬಗ್ಗಿಯೇ ಇದ್ದಳು.

"ಹಾಗನ್ನೋಕಾಗಲ್ಲ ಅಮ್ಮಾ" ಅಂದರು ಡಾಕ್ಟರಮ್ಮ. "ಔಷಧಿ ಕೊಟ್ಟಿದ್ದು ಕಾಯಿಲೆ ಇತ್ತು ಅಂತ ತಾನೇ? ಹಲ್ಲು ಕೆಟ್ಟಿದ್ದು ಔಷಧಿಯಿಂದಲೋ ಕಾಯಿಲೆಯಿಂದಲೋ ಬೇರೆ ಮಾಡಿ ಹೇಳೋದು ಹೇಗೆ? ಈಗ ಅದಕ್ಕಿಂತ ಮುಖ್ಯ ಹಲ್ಲು ಉಳಿಸೋದು. ಇದರ ಮೇಲೆ ಸ್ಟೀಲಿನ ಟೋಪಿ ಒಂದು ಕೂರಿಸಿದ್ರೆ ನೋವು ನಿಲ್ಲುತ್ತೆ, ಇನ್ನಷ್ಟು ಮುರಿಯೋದೂ ತಪ್ಪುತ್ತೆ. ತಡ ಮಾಡಿದ್ರೆ ಹುಳುಕು ಒಳಗೆ ಇಳಿದು ಕೀಳಬೇಕಾಗುತ್ತೆ. ಮುಂದಿನ ವಾರ ಬನ್ನಿ."

ಆ ವಾರ ಮನೆಯಲ್ಲಿ ಹಲಗೆ ನಿಂತುಬಿಟ್ಟಿತು.

ಬೆಳಿಗ್ಗೆ ಕಾರ್ಖಾನೆಗೆ ಹೊರಡುವ ಮುಂಚೆ ಪೊಲೀಸಮ್ಮ ಮೊಮ್ಮಗಳನ್ನು ಕಿಟಕಿಯ ಹತ್ತಿರ ಎಳೆದುಕೊಂಡು "ಆ ಮಾಡು" ಅನ್ನುವರು. ನೋಡುವರು, ನಿಟ್ಟುಸಿರು ಬಿಡುವರು, ಆಮೇಲೆ ಸೊಸೆಗೆ ಕೇಳುವ ಹಾಗೆ ಶುರುಮಾಡುವರು.

"ಚಿನ್ನದಂಥಾ ಮಗು. ಕೆಮ್ಮಿದ್ರೆ ಔಷಧಿ, ಸೀನಿದ್ರೆ ಔಷಧಿ. ದೇವರು ಕೊಟ್ಟ ಹಲ್ಲನ್ನ ಚಮಚದಲ್ಲಿ ಕರಗಿಸಿಬಿಟ್ರು."

ಒಮ್ಮೆ ಮಗನಿಗೇ ತಡೆಯಲಾಗಲಿಲ್ಲ. "ಅಮ್ಮಾ, ಸಾಕು ಮಾಡು. ಅವತ್ತು ಮಗು ಉಸಿರಾಡೋಕೆ ಒದ್ದಾಡ್ತಿತ್ತು. ಔಷಧಿ ಕೊಡದೆ ಏನು ಮಾಡಬೇಕಿತ್ತು?"

"ನಾನೇನೂ ಅಂದಿಲ್ಲಪ್ಪ. ಆಗಿದ್ದನ್ನ ಆಯ್ತು ಅಂದೆ. ಯಾರಿಂದ ಆಯ್ತು ಅಂತ ಒಪ್ಕೊಂಡ್ರೆ ಮುಗೀತು."

"ಒಪ್ಕೊಂಡ್ರೆ ಹಲ್ಲು ಬೆಳ್ಳಗಾಗುತ್ತಾ?"

ಪೊಲೀಸಮ್ಮ ಬುತ್ತಿ ಎತ್ತಿಕೊಂಡು ಕಾರ್ಖಾನೆಗೆ ಹೊರಟರು. ಆದರೆ ಸಂಜೆ ದೇವರ ಮುಂದೆ ಕೂತಾಗಲೂ ಅವರ ಪ್ರಾರ್ಥನೆ ಅದೇ ಜಾಡು ಹಿಡಿಯುತ್ತಿತ್ತು. ಮಗುವಿಗೆ ನೋವು ಕಡಿಮೆ ಮಾಡು ಎಂದು ಶುರುವಾದದ್ದು, ಇವಳಿಗೆ ತನ್ನ ತಪ್ಪು ತಿಳಿಯುವ ಹಾಗೆ ಮಾಡು ಎಂದು ಮುಗಿಯುತ್ತಿತ್ತು. ಮುಂದಿನ ಕೋಣೆಯಲ್ಲಿ ಮಷೀನಿನ ಸದ್ದು ಒಂದೇ ಸಮನೆ ನಡೆದಿರುತ್ತಿತ್ತು. ಸೊಸೆ ಒಂದು ದಿನವೂ ಎದುರು ಮಾತಾಡಲಿಲ್ಲ. ಮೌನವಾಗಿದ್ದಾಳೆ ಎಂದರೆ ಒಪ್ಪಿಕೊಂಡಿದ್ದಾಳೆ ಎಂದೇ ಪೊಲೀಸಮ್ಮ ತಿಳಿದರು.

ಮುಂದಿನ ವಾರ ಆಸ್ಪತ್ರೆಯ ಉದ್ದನೆಯ ಕುರ್ಚಿಯಲ್ಲಿ ಮಲಗಿದ ಪಾಪು ಬಾಯಿ ತೆರೆಯಲಿಲ್ಲ. ಡಾಕ್ಟರಮ್ಮ ಹೊಳೆಯುವ ಟೋಪಿ ತೋರಿಸಿದರು, ಸೂಜಿ ಇಲ್ಲ, ಕೊರೆಯುವುದಿಲ್ಲ ಎಂದರು, ಪುಟ್ಟ ಕನ್ನಡಿ ಕೊಟ್ಟರು. ಪಾಪು ಎಲ್ಲದಕ್ಕೂ ತಲೆಯಾಡಿಸಿದಳು, ತುಟಿ ಮಾತ್ರ ಹೊಲಿದ ಹಾಗೆ ಬಿಗಿಯಾಗಿತ್ತು. ಅಪ್ಪ ಬಂದು ಪುಸಲಾಯಿಸಿದ. ಅಜ್ಜಿ ಗದರಿಸಿದರು. ಗದರಿಸಿದಷ್ಟೂ ಅವಳು ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡಳು.

"ಬಲವಂತ ಬೇಡ" ಅಂದರು ಡಾಕ್ಟರಮ್ಮ. "ಇವತ್ತು ಹಿಡಿದು ಮಾಡಿದ್ರೆ ಮುಂದೆ ಯಾವತ್ತೂ ಬಾಯಿ ತೆಗೆಯಲ್ಲ. ಆದ್ರೆ ತುಂಬಾ ದಿನ ಕಾಯೋಕೂ ಆಗಲ್ಲ. ಇನ್ನೊಂದು ಸಲ ನೋಡೋಣ. ಆಗಲೂ ಆಗ್ಲಿಲ್ಲ ಅಂದ್ರೆ ಹಲ್ಲು ಕೀಳೋ ವಿಚಾರ ಮಾಡಬೇಕಾಗುತ್ತೆ."

ಮನೆಯಲ್ಲೂ ಪಾಪು ಬಾಯಿ ಬಿಚ್ಚುವುದನ್ನು ಬಿಟ್ಟಳು. ಉಗುರು ಬೆಚ್ಚಗಿನ ಗಂಜಿಯನ್ನು ಒಂದು ಪಕ್ಕದಿಂದ ನುಂಗುವಳು. ನಗು ಬಂದರೆ ಅಂಗೈ ಅಡ್ಡ ಹಿಡಿಯುವಳು. ದಿನವಿಡೀ ವಟಗುಟ್ಟುತ್ತಿದ್ದವಳ ಸದ್ದಡಗಿದ ಮೇಲೆ ಆ ಎರಡು ಕೋಣೆಗಳಲ್ಲಿ ಇದ್ದವರೆಲ್ಲ ಒಬ್ಬರನ್ನೊಬ್ಬರು ತಪ್ಪಿಸಿಕೊಂಡು ಓಡಾಡುವ ಹಾಗಾಯಿತು.

ಒಂದು ರಜೆಯ ದಿನ ಪೊಲೀಸಮ್ಮ ಮೊಮ್ಮಗಳ ತಲೆ ಬಾಚುತ್ತಿದ್ದರು. ಮುಖ ಕಾಣದೆ ಕೂತಾಗ ಮಕ್ಕಳಿಗೆ ಮಾತು ಸುಲಭ.

"ಯಾಕೆ ಪಾಪು ಬಾಯಿ ತೆಗೆಯಲ್ಲ ಅಂತೀಯಾ? ಡಾಕ್ಟ್ರು ಅಂದ್ರೆ ಭಯಾನಾ?"

"ಇಲ್ಲ."

"ನೋವಾಗುತ್ತೆ ಅಂತಾನಾ?"

"ಇಲ್ಲ."

"ಮತ್ತೆ?"

ಪಾಪು ಕೈಯಲ್ಲಿದ್ದ ರಿಬ್ಬನ್ನನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಆಮೇಲೆ ಸಣ್ಣ ದನಿಯಲ್ಲಿ, "ಬಾಯಿ ತೆಗೆದ್ರೆ ಹಲ್ಲು ಕಾಣುತ್ತೆ. ಹಲ್ಲು ಕಂಡ್ರೆ ನೀನು ಅಮ್ಮನ್ನ ಬೈತೀಯ" ಅಂದಳು.

ಪೊಲೀಸಮ್ಮನ ಕೈ ಅರ್ಧ ಜಡೆಯಲ್ಲಿ ನಿಂತಿತು. ಜಡೆಯನ್ನು ಹೇಗೋ ಮುಗಿಸಿ ರಿಬ್ಬನ್ ಕಟ್ಟಿದರು. ಅದು ಸೊಟ್ಟಗಾಯಿತು. ಪಾಪು ಹಾಗೆಯೇ ಎದ್ದು ಹೋದಳು.

ಮರುದಿನ ಮೇಜಿನ ಮುಂದೆ ಬಟ್ಟಲುಗಳು ಬಂದವು, ಹೋದವು. ಪೊಲೀಸಮ್ಮನ ಬಾಯಿಂದ ಒಂದು ಹೆಸರೂ ಬರಲಿಲ್ಲ. ಮಧ್ಯಾಹ್ನ ಭಟ್ಟಿಯಣ್ಣ ಬುತ್ತಿ ಹಿಡಿದು ಎದುರಿಗೆ ಬಂದು ಕೂತರು.

"ಏನು ಪೊಲೀಸಮ್ಮ, ಇವತ್ತು ಠಾಣೆಗೆ ರಜಾನಾ?"

ಇವರು ನಗಲಿಲ್ಲ. ಮನೆಯ ಮಾತನ್ನು ಹೊರಗೆ ಆಡಿ ಗೊತ್ತಿಲ್ಲದವರು ಅವತ್ತು ಎಲ್ಲ ಹೇಳಿಬಿಟ್ಟರು. ಹಲ್ಲು, ಔಷಧಿ, ಮಗು ಅಂದ ಮಾತು. ಭಟ್ಟಿಯಣ್ಣ ಊಟ ನಿಲ್ಲಿಸಿ ಕೇಳಿದರು.

"ಒಂದು ಮಾತು ಹೇಳ್ಲಾ? ಬೈಬಾರ್ದು."

"ಬೈಯೋ ಹಾಗಿದ್ರೆ ಬೈತೀನಿ. ಹೇಳಿ."

"ನೀವು ಇಲ್ಲಿ ಹಿಡಿದ ಕಳ್ಳರಲ್ಲಿ ಅರ್ಧಕ್ಕರ್ಧ ಕಳ್ಳರೇ ಅಲ್ಲ."

"ಹಾಗಂದ್ರೆ? ಅವರೇ ಒಪ್ಕೊಂಡಿದ್ದಾರಲ್ಲ."

"ಒಪ್ಕೊಳ್ದೆ ಏನು ಮಾಡ್ಬೇಕು? ಕೆಲವು ತಪ್ಪು ನಿಜವಾಗ್ಲೂ ಗೊತ್ತಾಗುತ್ತೆ, ಇಲ್ಲ ಅನ್ನಲ್ಲ. ಎಣ್ಣೆ ಕೈ ಎಣ್ಣೆ ಕೈಯೇ. ಆದ್ರೆ ಭಟ್ಟಿ ಬಾಗಿಲು ಹಾಕಿದ ಮೇಲೆ ಒಳಗೆ ಏನಾಗುತ್ತೆ ಅಂತ ಯಾರು ಕಂಡಿದ್ದಾರೆ? ಒಂದೇ ಮಣ್ಣು, ಒಂದೇ ಕೈ, ಒಂದೇ ಉರಿ. ಒಂದು ಬಟ್ಟಲು ನಗ್ತಾ ಬರುತ್ತೆ, ಪಕ್ಕದ್ದು ಮುಖ ಸಿಂಡರಿಸ್ಕೊಂಡು ಬರುತ್ತೆ. ಇಷ್ಟು ವರ್ಷ ಬೆಂಕಿ ಮುಂದೆ ನಿಂತ ನಂಗೂ ಗೊತ್ತಾಗಲ್ಲ. ನೀವು ಎದ್ದು ನಿಂತು ‘ಯಾರದ್ದು’ ಅಂತೀರ. ಹಲಗೆ ನಿಂತ್ರೆ ಹಿಂದಿನೋರ ಊಟ ನಿಲ್ಲುತ್ತೆ. ಅದಕ್ಕೆ ಯಾರಾದ್ರೂ ಒಬ್ರು ‘ನಂದೇ’ ಅಂತೀವಿ. ನಮ್ಮಲ್ಲಿ ಸರದಿ ಇದೆ, ಗೊತ್ತಾ?"

"ಸರದೀನಾ!"

"ಹ್ಞೂ ಮತ್ತೆ. ಹೋದ ವಾರ ನಂದಿತ್ತು."

ಪಕ್ಕದ ಮೇಜಿನ ಹುಡುಗಿಯರು ಕಿಸಕ್ಕನೆ ನಕ್ಕು, ಪೊಲೀಸಮ್ಮನ ಮುಖ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅವರಲ್ಲೊಬ್ಬಳು, ಎಷ್ಟೋ ಸಲ ತಲೆ ತಗ್ಗಿಸಿ ಒಪ್ಪಿಕೊಂಡವಳು, "ಬೇಜಾರು ಮಾಡ್ಕೋಬೇಡಿ ಅಮ್ಮಾ, ನಾನು ತಲೆಗೆ ಎಣ್ಣೇನೇ ಹಚ್ಚಲ್ಲ. ನೆಗಡಿ ಆಗುತ್ತೆ" ಅಂದಳು.

ನಗಬೇಕೋ ಅಳಬೇಕೋ ಪೊಲೀಸಮ್ಮನಿಗೆ ತಿಳಿಯಲಿಲ್ಲ. ಅಷ್ಟು ವರ್ಷ ಆ ಮೇಜಿನ ಮುಂದೆ ತಾವು ಹಿಡಿದದ್ದು ತಪ್ಪನ್ನೋ, ಊಟಕ್ಕೆ ಕಾದು ನಿಂತವರ ತಾಳ್ಮೆಯನ್ನೋ?

ಅವತ್ತು ಮನೆಗೆ ನಡೆದು ಬರುವಾಗ ಆ ಹಳೆಯ ಜ್ವರ ಮೊದಲಿನಿಂದ ನೆನಪಾಯಿತು. ಇಷ್ಟು ದಿನ ಅವರ ನೆನಪು ಗುಲಾಬಿ ಬಣ್ಣದ ಬಾಟಲಿಯಿಂದ ಶುರುವಾಗುತ್ತಿತ್ತು. ಬಾಟಲಿಗೆ ಮುಂಚೆಯೂ ದಿನಗಳಿದ್ದವು. ಮಗುವಿನ ಮೈ ಕಾದ ಹೆಂಚಿನ ಹಾಗಿದ್ದ ದಿನಗಳು. ಸೊಸೆ ಆಸ್ಪತ್ರೆಗೆ ಹೋಗೋಣ ಅತ್ತೆ ಎಂದು ಬಾಗಿಲ ತನಕ ಹೋಗಿ ನಿಂತವಳು. "ಹಲ್ಲು ಬರೋ ಜ್ವರ, ಸುಮ್ನಿರು. ನಿನ್ನ ಗಂಡನಿಗೂ ಬಂದಿತ್ತು. ಒದ್ದೆ ಬಟ್ಟೆ ಹಾಕಿದ್ರೆ ಇಳಿಯುತ್ತೆ" ಎಂದು ಮಗುವನ್ನು ಅವಳ ಕೈಯಿಂದ ತೆಗೆದುಕೊಂಡವರು ಯಾರು? ಒಂದು ದಿನ, ಮತ್ತೊಂದು ದಿನ, ಇನ್ನೂ ಒಂದು ದಿನ. ಎದೆ ಕಟ್ಟಿ ಉಸಿರು ಸಿಕ್ಕಿಕೊಂಡಾಗ ಸೊಸೆ ಯಾರನ್ನೂ ಕೇಳದೆ ಮಗುವನ್ನು ಕಸಿದುಕೊಂಡು ಓಡಿದ್ದಳು. ಜೋರು ಜ್ವರ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು, ಔಷಧಿಗಿಂತ ಮುಂಚೆಯೇ ಹೇಳಿದ್ದರು.

ತಮ್ಮದೇ ಲೆಕ್ಕದ ಪ್ರಕಾರ ಹೋದರೆ ಆ ಕೈ ಯಾರದ್ದು?

ಮನೆ ಬಂತು. ಸೊಸೆ ಮಷೀನಿನ ಮುಂದೆ ಬಗ್ಗಿ ಕಾಲರು ಹೊಲಿಯುತ್ತಿದ್ದಳು. ಅತ್ತೆಯನ್ನು ಕಂಡು ಎದ್ದು ನೀರು ತಂದು ಕೊಟ್ಟಳು. ಇಷ್ಟು ದಿನ ಈ ಹುಡುಗಿಗೆ ಒಂದೇ ಒಂದು ಮಾತು ಸಾಕಾಗಿತ್ತು, ಅತ್ತೆಯ ಬಾಯಿ ಮುಚ್ಚಿಸಲು. ಅವಳು ಅದನ್ನು ಆಡಿರಲಿಲ್ಲ. ಪೊಲೀಸಮ್ಮ ಲೋಟ ಹಿಡಿದುಕೊಂಡು ನಿಂತರು. "ದಾರ ಇದೆಯಾ, ತರಬೇಕಾ?" ಅಂತ ಕೇಳಿದರು. "ಇದೆ ಅತ್ತೆ" ಅಂದಳು ಅವಳು. ಆ ಸಂಜೆ ದೇವರ ಮುಂದೆ ಕೂತವರು ಏನನ್ನೂ ಬೇಡದೆ, ಸುಮ್ಮನೆ ಬಹಳ ಹೊತ್ತು ಕೂತಿದ್ದು ಎದ್ದರು.

ಆಸ್ಪತ್ರೆಗೆ ಮತ್ತೆ ಹೋಗುವ ದಿನ ಬಂತು. ಪಾಪು ಕುರ್ಚಿಯಲ್ಲಿ ಮಲಗಿದಳು, ದೀಪ ಮುಖದ ಮೇಲೆ ಬಿತ್ತು, ತುಟಿ ಬಿಗಿಯಾಯಿತು. ಡಾಕ್ಟರಮ್ಮ ಸೊಸೆಯ ಮುಖ ನೋಡಿದರು. ಸೊಸೆ ನೆಲ ನೋಡಿದಳು.

ಗೋಡೆಯ ಪಕ್ಕದ ಬೆಂಚಿನಿಂದ ಪೊಲೀಸಮ್ಮ ಎದ್ದು ಬಂದರು. ಪಾಪು ತಕ್ಷಣ ಎರಡು ಕೈಯನ್ನೂ ಬಾಯಿಯ ಮೇಲಿಟ್ಟುಕೊಂಡಳು. ಕುರ್ಚಿಯ ಪಕ್ಕದಲ್ಲಿ ಮೊಣಕಾಲೂರಿ ಕೂತರು.

"ಪಾಪು, ನಿನ್ನ ಹಲ್ಲು ಯಾಕೆ ಹೀಗಾಯ್ತು ಅಂತ ನನಗೆ ಗೊತ್ತಿಲ್ಲ."

ಬೆರಳ ಸಂದಿಯಿಂದ ದನಿ ಬಂತು. "ಅಮ್ಮ ಔಷಧಿ ಕೊಟ್ಲು ಅಂದೆ."

"ಅಂದೆ. ಗೊತ್ತಿಲ್ದೆ ಅಂದೆ. ಅದು ತಪ್ಪು."

"ಡಾಕ್ಟರ್ ಆಂಟಿಗೆ ಗೊತ್ತಾ?"

"ನಂಗೂ ಗೊತ್ತಿಲ್ಲ ಪುಟ್ಟಾ" ಅಂದರು ಡಾಕ್ಟರಮ್ಮ. "ನಮಗೆ ಪಾಠ ಹೇಳಿಕೊಟ್ಟೋರಿಗೂ ಪೂರ್ತಿ ಗೊತ್ತಿಲ್ಲ. ನಿನ್ನ ತರಗತಿಯಲ್ಲೇ ಇಂಥ ಹಲ್ಲಿರೋರು ಇನ್ನೂ ಮೂರ್ನಾಲ್ಕು ಜನ ಇರಬಹುದು. ಅವರ ಅಮ್ಮಂದಿರೆಲ್ಲ ಒಂದೇ ತಪ್ಪು ಮಾಡಿರ್ತಾರಾ?"

ಪಾಪು ಯೋಚಿಸಿದಳು. ಆಮೇಲೆ ಅಜ್ಜಿಯ ಕಡೆ ತಿರುಗಿದಳು. "ಇನ್ನು ಅಮ್ಮನ್ನ ಬೈಯಲ್ವಾ?"

"ಬೈಯಲ್ಲ."

"ಯಾವತ್ತೂ?"

ಪೊಲೀಸಮ್ಮ ಸುಳ್ಳು ಹೇಳುವವರಲ್ಲ, ದೇವರಿಗೆ ಹೆದರುವವರು. "ಹಾಲು ಉಕ್ಕಿಸಿದ್ರೆ ಬೈತೀನಿ" ಅಂದರು. "ಹಲ್ಲಿನ ವಿಷಯಕ್ಕೆ ಬೈಯಲ್ಲ. ಯಾವತ್ತೂ."

ಸೊಸೆಯ ಬಾಯಿಂದ ನಗುವೋ ಬಿಕ್ಕೋ ಏನೋ ಒಂದು ಹೊರಗೆ ಬಂತು. ಪಾಪು ಅಮ್ಮನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಒಂದು ಕೈ ತೆಗೆದಳು. ಇನ್ನೊಂದು ಕೈ ತೆಗೆದಳು. ಕಣ್ಣು ಗಟ್ಟಿಯಾಗಿ ಮುಚ್ಚಿ ಬಾಯಿ ತೆರೆದಳು.

ಡಾಕ್ಟರಮ್ಮ ಕಾಯಲಿಲ್ಲ. ಹತ್ತಿ ಇಟ್ಟರು, ಹಲ್ಲು ಒರೆಸಿದರು, ಸ್ಟೀಲಿನ ಟೋಪಿಗಳಲ್ಲಿ ಒಂದೊಂದನ್ನೇ ಕೂರಿಸಿ ನೋಡತೊಡಗಿದರು. ಮಗುವಿನ ಗಮನ ಬೇರೆ ಕಡೆ ಇರಲಿ ಎಂದೋ ಏನೋ ದೊಡ್ಡವರ ಜೊತೆ ಮಾತು ಶುರುಮಾಡಿದರು.

"ಇಂಥ ಮಕ್ಕಳ ಚಿಕ್ಕಂದಿನ ವಿಷಯ ಎಲ್ಲ ಸೇರಿಸಿ ಇಡ್ತಾ ಇದ್ದೀವಿ. ಮುಂದೆ ಯಾವಾಗ್ಲಾದ್ರೂ ಕಾರಣ ತಿಳಿಯಬಹುದು ಅಂತ. ಅವತ್ತು ಎದೆ ಕಟ್ಟಿತ್ತು ಅಂದ್ರಲ್ಲ, ಆಸ್ಪತ್ರೆಗೆ ತೋರಿಸೋಕೆ ಮುಂಚೆ ಜ್ವರ ಎಷ್ಟು ದಿನ ಇತ್ತು?"

ಪೊಲೀಸಮ್ಮನಿಗೆ ಮೊಣಕಾಲಡಿಯ ನೆಲ ತಣ್ಣಗೆ ತಾಗಿತು. ಹೇಳಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಸೊಸೆಯ ದನಿ ಕೇಳಿತು.

"ನೆನಪಿಲ್ಲ ಡಾಕ್ಟ್ರೇ."

ಕುರ್ಚಿಯ ಆಚೆ ಬದಿಯಲ್ಲಿ ಅವಳು ಮಗುವಿನ ಪಾದ ಹಿಡಿದುಕೊಂಡು ನಿಂತಿದ್ದಳು. ಅತ್ತೆಯ ಕಡೆ ನೋಡಲಿಲ್ಲ.

"ಪರವಾಗಿಲ್ಲ" ಅಂದರು ಡಾಕ್ಟರಮ್ಮ. "ಪಾಪು, ಈಗ ಗಟ್ಟಿಯಾಗಿ ಕಚ್ಚು. ಇನ್ನೂ ಗಟ್ಟಿ. ಹಾಗೇ ಇರು."

ಟೋಪಿ ಕೂತಿತು. ಪಾಪು ಕನ್ನಡಿ ಇಸಿದುಕೊಂಡು ಎಷ್ಟೋ ಹೊತ್ತು ಬಾಯೊಳಗೆ ನೋಡಿಕೊಂಡಳು. ಮುಂದೆ ಬರುವ ಹಲ್ಲುಗಳಲ್ಲೂ ಇಂಥ ಕಲೆ ಕಾಣಬಹುದು, ಆಗಾಗ ಬಂದು ತೋರಿಸುತ್ತಿರಬೇಕು, ತಣ್ಣೀರಿಗೆ ಅವಸರ ಬೇಡ ಎಂದೆಲ್ಲ ಡಾಕ್ಟರಮ್ಮ ಹೇಳಿ ಕಳಿಸಿದರು. ಮಗ ವ್ಯಾನು ತರಲು ಹೋದ. ಪಾಪು ಅಪ್ಪನ ಹಿಂದೆಯೇ ಓಡಿದಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ, ಇಷ್ಟು ದಿನ ಕೂಡಿಟ್ಟ ಮಾತನ್ನೆಲ್ಲ ಒಂದೇ ಉಸಿರಿಗೆ ಸುರಿಯುತ್ತಿರುವುದು ಇಲ್ಲಿಗೇ ಕೇಳುತ್ತಿತ್ತು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಅತ್ತೆ ಸೊಸೆ ಇಬ್ಬರೇ ಉಳಿದರು. ಪೊಲೀಸಮ್ಮ ಕಂಬಕ್ಕೆ ಕೈ ಕೊಟ್ಟು ನಿಂತರು.

"ಆ ಜ್ವರ ಎಷ್ಟು ದಿನ ಇತ್ತು ಅಂತ ನಿಂಗೆ ನೆನಪಿದೆ, ಅಲ್ವಾ?"

"ಇದೆ ಅತ್ತೆ."

"ನಾನು ತಡೆದಿದ್ದೂ ನೆನಪಿದೆ."

"ಇದೆ."

"ಮತ್ತೆ ಯಾಕೆ ಹೇಳ್ಲಿಲ್ಲ? ಹೇಳಿದ್ರೆ ನಾನು ಇಲ್ಲ ಅಂತಿರಲಿಲ್ಲ. ಅಷ್ಟು ಮಾತು ಆಡಿದ್ದೆ ನಿಂಗೆ. ನಂಗೂ ಒಂದು ಬೀಳಲಿ ಅನ್ನಿಸಲಿಲ್ವಾ?"

"ಅನ್ನಿಸ್ತು ಅತ್ತೆ. ತುಂಬಾ ಸಲ ಅನ್ನಿಸಿದೆ" ಅಂದಳು ಸೊಸೆ. ರಸ್ತೆಯಾಚೆ ವ್ಯಾನಿನ ಬಾಗಿಲು ಎಳೆಯುತ್ತಿದ್ದ ಮಗಳನ್ನು ನೋಡುತ್ತಾ ಸೆರಗಿನಿಂದ ಮುಖ ಒರೆಸಿಕೊಂಡಳು. "ಆದ್ರೆ ಅವಾಗ ಪಾಪು ಬಾಯಿ ತೆಗೆದಿದ್ಲು. ಕೇಳಿಸ್ಕೊಂಡಿದ್ರೆ ಮತ್ತೆ ಮುಚ್ಕೋತಿದ್ಲು."